ಆರದ ಕೆಂಪು ದೀಪ ಏನು ಹೇಳುತ್ತಿದೆ?

ಎಂಜಿಬಿಯಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಕೆಂಪು ದೀಪವಿದೆ. ಕೀ ತಿರುಗಿಸಿದಾಗ ಹೊತ್ತಿಕೊಳ್ಳಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ ಜನ ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಎಂಜಿನ್ ಓಡುವಾಗ ವಿದ್ಯುತ್ ತಯಾರಿಸಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಬದಲಿಸುತ್ತಾರೆ. ಎರಡೂ ಖರ್ಚಿನ ಬಾಬತ್ತು, ಎಷ್ಟೋ ಸಲ ಎರಡೂ ಬೇಕಿರುವುದಿಲ್ಲ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂಬುದು ಆ ದೀಪಕ್ಕೆ ಗೊತ್ತೇ ಆಗುವುದಿಲ್ಲ. ಅದು ತೋರಿಸುವುದು ತನ್ನ ಎರಡು ತುದಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಮಾತ್ರ.

ಒಂದು ತುದಿಗೆ ಇಗ್ನಿಷನ್ ಸ್ವಿಚ್‌ನಿಂದ ಬಿಳಿ ವೈರ್ ಬರುತ್ತದೆ. ಇನ್ನೊಂದು ತುದಿಯಿಂದ ಕಂದು-ಹಳದಿ ವೈರ್ ಹೊರಟು ಆಲ್ಟರ್ನೇಟರ್‌ನ ಸಣ್ಣ ಟರ್ಮಿನಲ್‌ಗೆ ಹೋಗುತ್ತದೆ. ಕೀ ತಿರುಗಿಸಿದಾಗ ಬಿಳಿ ತುದಿಯಲ್ಲಿ 12 ವೋಲ್ಟ್ ಇರುತ್ತದೆ, ಇನ್ನೊಂದು ತುದಿ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಇಂಗಾಲದ ತುಂಡು), ರೋಟರ್ (ಆ ತಿರುಗುವ ಸುರುಳಿ), ರೆಗ್ಯುಲೇಟರ್ (ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ದಾಟಿ ಅರ್ತ್, ಅಂದರೆ ಕಾರಿನ ಲೋಹದ ಮೈ, ಸೇರುತ್ತದೆ. ಅದಕ್ಕೇ ದೀಪ ಉರಿಯುತ್ತದೆ. 2.2 ವಾಟ್‌ನ ಬಲ್ಬ್ ಮೂಲಕ ಹರಿಯುವುದು ಸುಮಾರು 0.18 ಆಂಪಿಯರ್. ರೋಟರ್ ಸುರುಳಿಗೆ ಪೂರ್ಣ ಬಲದಲ್ಲಿ ಬೇಕಾಗುವುದು ಸುಮಾರು 3 ಆಂಪಿಯರ್, ಆದರೆ ಅದನ್ನು ಎಬ್ಬಿಸಲು ಈ ಅಲ್ಪ ಕರೆಂಟೇ ಸಾಕು. ಎಂಜಿನ್ ತಿರುಗಿದಂತೆ ಸ್ಟೇಟರ್‌ನಲ್ಲಿ, ಅಂದರೆ ರೋಟರ್ ಸುತ್ತಲಿನ ಸ್ಥಿರ ಸುರುಳಿಗಳಲ್ಲಿ, ವಿದ್ಯುತ್ ಹುಟ್ಟುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆರು ದೊಡ್ಡ ಡಯೋಡ್‌ಗಳು ಅದನ್ನು ಬ್ಯಾಟರಿಗೆ ಕಳುಹಿಸಿದರೆ, ಮೂರು ಸಣ್ಣ ಫೀಲ್ಡ್ ಡಯೋಡ್‌ಗಳು ರೋಟರ್‌ಗೆ ಕೊಡುತ್ತವೆ. ಆ ಮೂರರ ತುದಿಗೇ ಕಂದು-ಹಳದಿ ವೈರ್ ಕೂತಿದೆ. ಈಗ ಎರಡೂ ಕಡೆ ಸುಮಾರು 14 ವೋಲ್ಟ್. ವ್ಯತ್ಯಾಸವಿಲ್ಲ, ದೀಪ ಆರಿತು.

ಇಲ್ಲಿಂದ ಮುಂದೆ ಪತ್ತೆಗೆ ಬೇಕಿರುವುದು ಒಂದು ಮಲ್ಟಿಮೀಟರ್ (ವೋಲ್ಟೇಜ್, ಓಮ್ ಅಳೆಯುವ ಮೀಟರ್) ಮತ್ತು ಸ್ವಲ್ಪ ತಾಳ್ಮೆ.

ಮೊದಲು ಕೀ ತಿರುಗಿಸಿ, ಎಂಜಿನ್ ಶುರು ಮಾಡಬೇಡಿ. ದೀಪ ಹೊತ್ತದಿದ್ದರೆ ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬಾರದು. ಬಲ್ಬ್ ಸುಟ್ಟಿರಬಹುದು, ವೈರ್ ತುಂಡಾಗಿರಬಹುದು, ಬ್ರಶ್ ಸವೆದಿರಬಹುದು. ಮೂರರಲ್ಲಿ ಯಾವುದಾದರೂ ರೋಟರ್‌ಗೆ ಮೊದಲ ಕರೆಂಟ್ ಸಿಗುವುದಿಲ್ಲ, ಆಲ್ಟರ್ನೇಟರ್ ಏಳದೆ ಉಳಿಯಬಹುದು. ಕಬ್ಬಿಣದಲ್ಲಿ ಉಳಿದ ಅಲ್ಪಸ್ವಲ್ಪ ಕಾಂತತ್ವದ ಬಲದಲ್ಲಿ ಎಂಜಿನ್ ಜೋರಾಗಿ ತಿರುಗಿದ ಮೇಲೆ ಒಮ್ಮೊಮ್ಮೆ ಎದ್ದೀತು, ನಂಬಲಾಗದು. ಪರೀಕ್ಷೆ ಸುಲಭ. ಆಲ್ಟರ್ನೇಟರ್‌ನ ಪ್ಲಗ್ ಕಳಚಿ, ಕಂದು-ಹಳದಿ ವೈರಿನ ಟರ್ಮಿನಲ್ಲನ್ನು ಒಂದು ತುಂಡು ತಂತಿಯಿಂದ ಎಂಜಿನ್ ಲೋಹಕ್ಕೆ ಮುಟ್ಟಿಸಿ, ಕೀ ತಿರುಗಿಸಿ. ದೀಪ ಬಂದರೆ ವೈರ್, ಬಲ್ಬ್ ಸರಿ, ದೋಷ ಆಲ್ಟರ್ನೇಟರ್ ಒಳಗಿದೆ. ಮೊದಲ ಅನುಮಾನ ಬ್ರಶ್ ಮೇಲೆ. ಬರದಿದ್ದರೆ ಬಲ್ಬ್ ತೆಗೆದು ನೋಡಿ. ಒಂದು ಎಚ್ಚರಿಕೆ: ಅದೇ ಪ್ಲಗ್‌ನ ದಪ್ಪ ಕಂದು ವೈರ್ ನೇರ ಬ್ಯಾಟರಿಯದು, ಫ್ಯೂಸ್ ಇಲ್ಲ. ಅದು ಲೋಹಕ್ಕೆ ತಾಗಿದರೆ ವೈರಿಂಗ್ ಸುಟ್ಟೇ ಹೋಗುತ್ತದೆ.

ಬಲ್ಬ್ ಬದಲಿಸುವಾಗ ಎಲ್‌ಇಡಿ ಹಾಕುವ ಆಸೆ ಹಲವರಿಗೆ. ಎಲ್‌ಇಡಿ ಎಳೆಯುವುದು ಕೆಲವೇ ಮಿಲಿಆಂಪಿಯರ್, ಅಷ್ಟರಿಂದ ರೋಟರ್ ಏಳುವುದು ಕಷ್ಟ. ಹಾಕಲೇಬೇಕೆಂದರೆ ಅದಕ್ಕೆ ಸಮಾಂತರವಾಗಿ 68 ಓಮ್, 5 ವಾಟ್‌ನ ರೆಸಿಸ್ಟರ್ ಸೇರಿಸಬೇಕು. ಒಂದು ಸಾದಾ ಬಲ್ಬ್‌ಗಾಗಿ ಇಷ್ಟೆಲ್ಲ ಏಕೆ ಎಂದು ಕೇಳಿದರೆ ನಮ್ಮ ಬಳಿಯೂ ಉತ್ತರವಿಲ್ಲ.

ಎಂಜಿನ್ ಓಡುವಾಗಲೂ ದೀಪ ಪೂರ್ಣ ಪ್ರಕಾಶದಲ್ಲಿ ಉರಿದರೆ ಆಲ್ಟರ್ನೇಟರ್ ಏನೂ ಕೊಡುತ್ತಿಲ್ಲ. ಬೆಲ್ಟ್ ನೋಡಿ: ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಾಗಬೇಕು. ಅದು ಸರಿಯಿದ್ದರೆ ರೆಗ್ಯುಲೇಟರ್ ಅಥವಾ ರೋಟರ್. ರೋಟರ್‌ನ ಎರಡು ಸ್ಲಿಪ್ ರಿಂಗ್‌ಗಳ (ಬ್ರಶ್ ಉಜ್ಜುವ ಬಳೆಗಳ) ನಡುವೆ 3ರಿಂದ 4.5 ಓಮ್ ಸಿಗಬೇಕು. ರಿಂಗ್‌ಗೂ ರೋಟರ್ ಲೋಹಕ್ಕೂ ನಡುವೆ ಸಂಪರ್ಕವೇ ಇರಬಾರದು.

ನಿಜವಾಗಿ ತಲೆ ತಿನ್ನುವುದು ಮಂದವಾಗಿ ಮಿಣುಕುವ ದೀಪ. ಫಿಲಮೆಂಟ್ ಬಲ್ಬ್‌ಗೆ ಅರ್ಧ ವೋಲ್ಟೇಜ್ ಕೊಟ್ಟರೆ ಬೆಳಕು ಅರ್ಧವಾಗುವುದಿಲ್ಲ, ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಒಂದೆರಡು ವೋಲ್ಟ್ ವ್ಯತ್ಯಾಸ ಹಗಲಿನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಈ ದೋಷ ರಾತ್ರಿ ಹೊತ್ತು ಪತ್ತೆಯಾಗುತ್ತದೆ, ಹೆಡ್‌ಲೈಟ್ ಹಾಕಿದ್ದಕ್ಕೇ ಬಂತು ಎಂದು ಜನ ಭಾವಿಸುತ್ತಾರೆ. ಮಂದ ಬೆಳಕಿನ ಅರ್ಥ ಇಷ್ಟೆ: ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ, ಆದರೆ ಎರಡು ತುದಿ ಸಮನಾಗಿಲ್ಲ. ಯಾವ ತುದಿ ಕೆಳಗಿದೆ?

ಎಂಜಿನ್ 2000 ಆರ್‌ಪಿಎಂ ಆಸುಪಾಸಿನಲ್ಲಿರಲಿ. ಮೀಟರಿನ ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಮೂರು ಕಡೆ ಅಳೆಯಿರಿ: ಬ್ಯಾಟರಿಯ ಪಾಸಿಟಿವ್, ಫ್ಯೂಸ್ ಪೆಟ್ಟಿಗೆಯ ಬಿಳಿ ವೈರ್, ಆಲ್ಟರ್ನೇಟರ್‌ನ ಕಂದು-ಹಳದಿ ವೈರ್. ಕೊನೆಯದರ ಕ್ಲಿಪ್ಪನ್ನು ಎಂಜಿನ್ ಶುರು ಮಾಡುವ ಮೊದಲೇ ಸಿಕ್ಕಿಸಿ. ತಿರುಗುವ ಬೆಲ್ಟ್ ಪಕ್ಕ ಕೈ ಹಾಕುವ ಕೆಲಸವಲ್ಲ ಅದು. ಎಂಜಿಬಿಯ ಬ್ಯಾಟರಿ ಸೀಟಿನ ಹಿಂದೆ ಇರುವುದರಿಂದ ಉದ್ದನೆಯ ತಂತಿಯೂ ಬೇಕಾದೀತು.

ಬ್ಯಾಟರಿಯಲ್ಲಿ 14.2, ಬಿಳಿ ವೈರಿನಲ್ಲಿ 12.8 ಸಿಕ್ಕಿತು ಎನ್ನಿ. ನಡುವೆ 1.4 ವೋಲ್ಟ್ ಕಳೆದುಹೋಗಿದೆ, ಆಲ್ಟರ್ನೇಟರ್‌ದು ತಪ್ಪಿಲ್ಲ. ಇಗ್ನಿಷನ್ ಸ್ವಿಚ್‌ನ ಸವೆದ ಸಂಪರ್ಕವೋ ಕಿಲುಬು ಹಿಡಿದ ಕನೆಕ್ಟರೋ ಕಾರಣ. ಇದಕ್ಕೆ ಮೀಟರ್ ಇಲ್ಲದೆಯೂ ಒಂದು ಸುಳಿವು ಸಿಗುತ್ತದೆ. ಇಂಡಿಕೇಟರ್ ಹಾಕಿ ನೋಡಿ. ಅದರ ಟಕ್ ಟಕ್‌ಗೆ ಸರಿಯಾಗಿ ಕೆಂಪು ದೀಪವೂ ಏರಿಳಿದರೆ, ಬ್ರೇಕ್ ಒತ್ತಿದಾಗ ಇನ್ನಷ್ಟು ಕೆಂಪಾದರೆ, ದೋಷ ಈ ದಾರಿಯಲ್ಲೇ ಇದೆ. ಆ ದೀಪಗಳೆಲ್ಲ ಇಗ್ನಿಷನ್ ಸ್ವಿಚ್ ಮೂಲಕವೇ ಕರೆಂಟ್ ಪಡೆಯುತ್ತವೆ. ಹೊರೆ ಹೆಚ್ಚಿದಷ್ಟೂ ಕೆಟ್ಟ ಸಂಪರ್ಕದಲ್ಲಿ ವೋಲ್ಟೇಜ್ ನಷ್ಟ ಹೆಚ್ಚು.

ಬ್ಯಾಟರಿಯಲ್ಲೇ ಬರೀ 12.9 ಇದ್ದು ಕಂದು-ಹಳದಿಯಲ್ಲಿ 14.2 ಇದ್ದರೆ ಅನುಮಾನ ದಪ್ಪ ಕಂದು ವೈರಿನ ಮೇಲೆ. ಹೆಡ್‌ಲೈಟ್ ಹಾಕಿ, ಆಲ್ಟರ್ನೇಟರ್‌ನ ದೊಡ್ಡ ಟರ್ಮಿನಲ್‌ಗೂ ಬ್ಯಾಟರಿ ಪಾಸಿಟಿವ್‌ಗೂ ನಡುವೆ ನೇರವಾಗಿ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚಿದ್ದರೆ ಸ್ಟಾರ್ಟರ್ ಸೊಲೆನಾಯ್ಡ್ (ಸ್ಟಾರ್ಟರ್ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ಬಳಿಯ ಜೋಡಣೆ ಬಿಚ್ಚಿ ಉಜ್ಜಿ ಬಿಗಿಮಾಡಿ. ಅರ್ತ್ ಕಡೆಯ ನಷ್ಟ, ಅಂದರೆ ಆಲ್ಟರ್ನೇಟರ್ ಮೈಗೂ ಬ್ಯಾಟರಿ ನೆಗೆಟಿವ್‌ಗೂ ನಡುವಿನದು, ಕಾಲು ವೋಲ್ಟ್ ಮೀರಬಾರದು.

ಬಿಳಿ ತುದಿ ಸರಿಯಾಗಿದ್ದು ಕಂದು-ಹಳದಿ ಕೆಳಗಿದ್ದರೆ ಮಾತ್ರ ಆಲ್ಟರ್ನೇಟರ್ ಬಿಚ್ಚಬೇಕು. ಫೀಲ್ಡ್ ಡಯೋಡ್‌ಗಳಲ್ಲೊಂದು ಹೋಗಿರುವ ಸಾಧ್ಯತೆ ಹೆಚ್ಚು. ಬಿಚ್ಚುವ ಮೊದಲು ಮೀಟರ್ ಎಸಿ ಸ್ಕೇಲಿಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಎಸಿ ಕಂಡರೆ ದೊಡ್ಡ ಡಯೋಡ್‌ಗಳಲ್ಲೂ ತೊಂದರೆ. ಅಗ್ಗದ ಮೀಟರ್‌ಗಳಲ್ಲಿ ಕೆಲವು ಎಸಿ ಸ್ಕೇಲಿನಲ್ಲಿ ಡಿಸಿಯನ್ನೂ ತೋರಿಸಿ ದಾರಿ ತಪ್ಪಿಸುತ್ತವೆ. ಎಂಜಿನ್ ನಿಂತಿರುವಾಗ ಒಮ್ಮೆ ಅಳೆಯಿರಿ, ಸೊನ್ನೆ ಬರಬೇಕು.

ಎಂಜಿನ್ ಓಡುವಾಗ ಬ್ಯಾಟರಿ ಕಳಚಿ ಆಲ್ಟರ್ನೇಟರ್ ಪರೀಕ್ಷಿಸುವವರು ಇನ್ನೂ ಇದ್ದಾರೆ. ಅದು ಆಲ್ಟರ್ನೇಟರ್‌ಗೂ ಮುಂಚಿನ ಡಿಸಿ ಜನರೇಟರ್ ಆದ ಡೈನಮೊ ಕಾಲದ ಚಾಳಿ. ಆಲ್ಟರ್ನೇಟರ್‌ಗೆ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಸರಿಯಿದ್ದ ಡಯೋಡೂ ಹೋಗುತ್ತದೆ.

ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು. 1967ರ ಕೊನೆಯವರೆಗಿನವಕ್ಕೆ ಇದ್ದದ್ದು ಡೈನಮೊ, ಜೊತೆಗೆ ಪಾಸಿಟಿವ್ ಅರ್ತ್, ಅಂದರೆ ಕಾರಿನ ಮೈಗೆ ಜೋಡಿಸಿದ್ದು ಬ್ಯಾಟರಿಯ ಪಾಸಿಟಿವ್. ಅವುಗಳಲ್ಲೂ ಇದೇ ಕೆಂಪು ದೀಪವಿದೆ, ಆದರೆ ಚಾರ್ಜಿಂಗ್‌ನಲ್ಲಿ ಅದಕ್ಕೆ ಪಾತ್ರವಿಲ್ಲ. ಡೈನಮೊ ಏಳುವುದು ತನ್ನಲ್ಲೇ ಉಳಿದ ಕಾಂತತ್ವದಿಂದ, ಹಾಗಾಗಿ ಬಲ್ಬ್ ಸುಟ್ಟರೂ ಚಾರ್ಜ್ ಆಗುತ್ತದೆ. ಐಡಲ್‌ನಲ್ಲಿ ದೀಪ ಮಿಣುಕಿ, ಸ್ವಲ್ಪ ವೇಗ ಕೊಟ್ಟಾಗ ಆರಿದರೆ ಆ ಕಾರುಗಳಲ್ಲಿ ಅದು ದೋಷವಲ್ಲ. ಮೇಲೆ ಹೇಳಿದ ಅಳತೆಗಳನ್ನು ಅವುಗಳಿಗೆ ಹಾಗೇ ಅನ್ವಯಿಸಬೇಡಿ.

ಕೀ ತೆಗೆದ ಮೇಲೂ ದೀಪ ಮಂದವಾಗಿ ಉರಿಯುವುದು ಆಲ್ಟರ್ನೇಟರ್ ಕಾರುಗಳಲ್ಲಿ ಅಪರೂಪ, ಆದರೆ ಕಂಡರೆ ಮರುದಿನಕ್ಕೆ ಬಿಡಬಾರದು. ದೊಡ್ಡ ಡಯೋಡ್ ಶಾರ್ಟ್ ಆಗಿ ಬ್ಯಾಟರಿಯ ಕರೆಂಟ್ ಹಿಮ್ಮುಖವಾಗಿ ಹರಿಯುತ್ತಿದೆ. ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ, ಆಲ್ಟರ್ನೇಟರ್‌ನ ಪ್ಲಗ್ ಕಳಚಿ, ಅದರ ತುದಿಗೆ ಟೇಪ್ ಸುತ್ತಿ, ಅರ್ತ್ ಮತ್ತೆ ಜೋಡಿಸಿ. ದೀಪ ಆರಿದ್ದರೆ ದೋಷ ಸಿಕ್ಕಿತು. ಆ ಸ್ಥಿತಿಯಲ್ಲಿ, ಪೂರ್ಣ ಚಾರ್ಜ್ ಆದ ಬ್ಯಾಟರಿಯಿದ್ದರೆ, ಹಗಲಿನಲ್ಲಿ ಹತ್ತಿರದ ರಿಪೇರಿ ಜಾಗದವರೆಗೆ ಕಾರು ಓಡೀತು.