ರಾಗಿ ಹೊಲದ ಕಾಡುರಾಗಿ ಕೆಟ್ಟುಹೋದ ರಾಗಿಯೇ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕು. ಪ್ರತಿ ವರ್ಷ ರಾಗಿ ಸಾಲಿನ ನಡುವೆ ಥೇಟ್ ರಾಗಿ ಪೈರಿನ ಹಾಗೇ ಒಂದು ಕಳೆ ಬರುತ್ತದೆ. ಕಾಡುರಾಗಿ ಅಂತೀವಿ. ಭೂಮಿ ಸತ್ವ ಕಳೆದುಕೊಂಡರೆ ರಾಗಿಯೇ ಹೀಗೆ ಹುಲ್ಲಾಗುತ್ತದೆ ಅಂತ ನಮ್ಮ ತಾತ ಹೇಳೋರು. ನಿಜವೇ? ಬಿತ್ತನೆಗೆ ಎತ್ತಿಟ್ಟ ರಾಗಿಯನ್ನೂ ಅದು ಕೆಡಿಸುತ್ತದೆಯೇ?

ಉತ್ತರ: ಎಡೆಕುಂಟೆ ಹೊಡೆಯುವ ಕಾಲಕ್ಕೆ ಶಿರಾದಿಂದ ಮುಳಬಾಗಿಲಿನವರೆಗೆ ಯಾವ ಹೊಲಕ್ಕೆ ಹೋದರೂ ಈ ಮಾತು ಬರುತ್ತದೆ. ಇಲ್ಲ, ರಾಗಿ ಹುಲ್ಲಾಗುವುದಿಲ್ಲ. ಆದರೆ ನಿಮ್ಮ ತಾತ ಕಂಡ ಹೋಲಿಕೆ ಸುಳ್ಳಲ್ಲ. ಅವೆರಡೂ ಒಂದೇ ಕುಲದವು. ನಡೆದದ್ದು ಮಾತ್ರ ತಿರುವುಮುರುವು: ರಾಗಿಯಿಂದ ಹುಲ್ಲು ಹುಟ್ಟಲಿಲ್ಲ, ಹುಲ್ಲಿನಿಂದ ರಾಗಿ ಹುಟ್ಟಿತು.

ಒಂದು ಗಿಡ ಕಿತ್ತು ನೋಡಿ. ಮೊದಲಿಗೆ ಅದು ಸುಲಭಕ್ಕೆ ಬರುವುದೇ ಇಲ್ಲ, ಎರಡು ಕೈ ಹಾಕಿ ಎಳೆಯಬೇಕು. ಬುಡ ಅಮುಕಿದ ಹಾಗೆ ಚಪ್ಪಟೆಯಾಗಿ, ಬೆಳ್ಳಗಿರುತ್ತದೆ. ತೆನೆ ಬರುವ ಮೊದಲು ಗುರುತು ಹಿಡಿಯಲು ಇದೇ ದಾರಿ. ತೆನೆ ಬಂದ ಮೇಲೆ ಗೊಂದಲವಿಲ್ಲ. ರಾಗಿ ತೆನೆ ಮುಷ್ಟಿ ಕಟ್ಟಿದ ಹಾಗೆ ತುಂಬಿಕೊಂಡಿದ್ದರೆ, ಇದರ ಬೆರಳುಗಳು ಸಣಕಲಾಗಿ ಚಾಚಿಕೊಂಡಿರುತ್ತವೆ. ಎಷ್ಟೋ ಸಲ ಒಂದು ಬೆರಳು ಉಳಿದವಕ್ಕಿಂತ ಸ್ವಲ್ಪ ಕೆಳಗೆ, ನಮ್ಮ ಹೆಬ್ಬೆರಳಿನ ಹಾಗೆ ಇರುತ್ತದೆ. ರಾಗಿಯಲ್ಲೂ ಹಾಗೇ. ಈಗ ಬಲಿತ ಬೆರಳೊಂದನ್ನು ಅಂಗೈಯಲ್ಲಿ ಉಜ್ಜಿ. ಕಪ್ಪುಗೆಂಪಿನ, ಸುಕ್ಕು ಸುಕ್ಕಾದ ಸಣ್ಣ ಬೀಜ ಮುಟ್ಟಿದರೆ ಸಾಕೆನ್ನುವಂತೆ ಉದುರುತ್ತದೆ. ರಾಗಿಯನ್ನಾದರೆ ಕೊಯ್ದು, ಮೆದೆ ಹಾಕಿ, ಕಣದಲ್ಲಿ ಗುಂಡು ಹೊಡೆದರೇ ಕಾಳು ಬಿಡುವುದು.

ಗುಟ್ಟೆಲ್ಲ ಇರುವುದು ಈ ಉದುರುವಿಕೆಯಲ್ಲಿ. ಹುಲ್ಲಿಗೆ ಉದುರಿದರೇ ಬದುಕು. ಮನುಷ್ಯನಿಗೆ ಉದುರಿದ್ದೆಲ್ಲ ನಷ್ಟ. ಸುಮಾರು 5000 ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ, ಇಥಿಯೋಪಿಯ ಉಗಾಂಡ ಕಡೆ, ಜನ ಉದುರದೆ ಉಳಿದ ತೆನೆಯನ್ನೇ ಕೊಯ್ದು ಅದನ್ನೇ ಮತ್ತೆ ಬಿತ್ತುತ್ತ ಹೋದರು. ಹಾಗೆ ಆದದ್ದು ರಾಗಿ. ಅದು ನಮ್ಮ ಮುದ್ದೆಯಾದದ್ದು ಆಮೇಲೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಚೆನ್ನಾಗಿ ತಿಳಿಸಿಕೊಟ್ಟದ್ದು ಬಾರ್ಲಿ. ಉರಿಮೂತ್ರಕ್ಕೆ ಗಂಜಿ ಮಾಡಿ ಕುಡಿಯುತ್ತೇವಲ್ಲ, ಅದೇ ಜವೆಗೋಧಿ. ಅದರ ಕಾಡು ಪೂರ್ವಜ ಇಸ್ರೇಲಿನಿಂದ ಟರ್ಕಿ, ಇರಾಕ್, ಇರಾನ್ ತನಕ ಇವತ್ತಿಗೂ ಬೆಳೆಯುತ್ತದೆ. ಬಲಿತ ಕೂಡಲೇ ಅದರ ತೆನೆ ಗೆಣ್ಣು ಗೆಣ್ಣಾಗಿ ಮುರಿದು ಬೀಳುತ್ತದೆ. ಹಾಗೆ ಮುರಿಯಲು ಅಕ್ಕಪಕ್ಕದಲ್ಲೇ ಇರುವ ಎರಡು ವಂಶವಾಹಿಗಳು ಬೇಕು, ಒಂದು ಕೆಟ್ಟರೂ ತೆನೆ ಗಟ್ಟಿಯಾಗಿ ನಿಲ್ಲುತ್ತದೆ. 2015ರಲ್ಲಿ ಗೊತ್ತಾದ ಸಂಗತಿ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ: ಒಂದು ಕಡೆಯ ರೈತರ ಕೈಗೆ ಮೊದಲನೆಯದು ಕೆಟ್ಟ ಗಿಡ ಸಿಕ್ಕಿತ್ತು, ಇನ್ನೊಂದು ಕಡೆಯವರಿಗೆ ಎರಡನೆಯದು ಕೆಟ್ಟದ್ದು. ಉದುರದ ಬಾರ್ಲಿ ಎರಡು ಸಲ ಹುಟ್ಟಿದೆ.

ಆದರೆ ಮನುಷ್ಯ ಆರಿಸಿ ತಂದದ್ದು ಕೆಲವೇ ಗಿಡಗಳನ್ನು. ಬರ, ಚಳಿ, ರೋಗ ತಡೆಯುವ ಬಗೆಬಗೆಯ ಗುಣಗಳಲ್ಲಿ ಬಹುಪಾಲು ಕಾಡಿನಲ್ಲೇ ಉಳಿಯಿತು. ಇಸ್ರೇಲಿನ ಕಾರ್ಮೆಲ್ ಬೆಟ್ಟದಲ್ಲಿ ಒಂದು ಕಣಿವೆಯಿದೆ. ಒಂದು ಮಗ್ಗುಲಿಗೆ ಬಿಸಿಲು ಸುರಿಯುತ್ತದೆ, ಎದುರು ಮಗ್ಗುಲು ತಂಪು. ತಳದಲ್ಲಿ ನಡುವಿನ ಅಂತರ ನೂರು ಮೀಟರಿನಷ್ಟು. ನಮ್ಮ ದೇವರಾಯನದುರ್ಗದಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಉತ್ತರ ದಕ್ಷಿಣದ ವ್ಯತ್ಯಾಸ ಅಷ್ಟು ಎದ್ದು ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ. ಏವಿಯಾಟಾರ್ ನೆವೋ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಎರಡೂ ಮಗ್ಗುಲಿನ ಕಾಡು ಬಾರ್ಲಿಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದರೂ ಎರಡರ ವಂಶವಾಹಿಗಳ ಮಟ್ಟದಲ್ಲೇ ವ್ಯತ್ಯಾಸ ಸಿಕ್ಕಿತು.

ಬೆಳೆಗೆ ಕಷ್ಟ ಬಂದಾಗ ತವರಿನ ಕಡೆ ನೋಡಬೇಕಾಗುವುದು ಇದಕ್ಕೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ, 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ತಳಿ ವಿಜ್ಞಾನಿ ಮಾಡಿದ್ದೂ ಅದನ್ನೇ. ರಾಗಿ ಹೂವು ತೀರಾ ಚಿಕ್ಕದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಎರಡು ತಳಿ ಕೂಡಿಸುವುದೇ ದೊಡ್ಡ ಸಾಹಸ. ಅದನ್ನು ಸಾಧಿಸಿ ಅವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಸೇರಿಸಿದರು. ಇಂಡಿಯಾ ಮತ್ತು ಆಫ್ರಿಕ ಕೂಡಿದ್ದರಿಂದಲೇ ಆ ತಳಿಗಳಿಗೆ 'ಇಂಡಾಫ್' ಎಂಬ ಹೆಸರು. ಬೆಂಕಿ ರೋಗ ತಡೆಯುತ್ತದೆಂದು ನೀವೆಲ್ಲ ಬಿತ್ತುವ ಜಿಪಿಯು-28 ತಳಿ ಕೂಡ ಇಂಡಾಫ್ ವಂಶದ್ದೇ. ಅವರು ತಂದದ್ದು ಅಲ್ಲಿನ ಬೆಳೆಯ ರಾಗಿ, ಕಾಡಿನದಲ್ಲ. ಕಾಡಿನದರ ಬಾಗಿಲು ಇನ್ನೂ ಸರಿಯಾಗಿ ತೆರೆದಿಲ್ಲ ಎಂಬುದು ನನ್ನ ಕೊರಗು.

ಇನ್ನು ಬೆರಕೆಯ ಭಯ. ನಮ್ಮ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಹುಲ್ಲಿಗೆ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳು 18, ರಾಗಿಗೆ 36. ರಾಗಿಯ ಅರ್ಧ ಪಾಲು ಬಂದಿರುವುದು ಈ ಹುಲ್ಲಿನ ವಂಶದಿಂದ, ಉಳಿದರ್ಧ ಯಾವ ಹುಲ್ಲಿನದು ಎಂಬುದು ಇನ್ನೂ ಪತ್ತೆಯಾಗಿಲ್ಲ. ಲೆಕ್ಕ ಹೊಂದದ ಕಾರಣ ಎರಡೂ ಕೂಡಿ ನಿಮ್ಮ ಬಿತ್ತನೆ ಕೆಡುವ ಚಿಂತೆ ಬೇಡ. ಆಫ್ರಿಕದಲ್ಲಿ ಮಾತ್ರ 36 ವರ್ಣತಂತುಗಳ ಕಾಡುರಾಗಿ ಇದೆ, ಅದು ಬೆಳೆಯ ಜೊತೆ ಬೆರೆಯುತ್ತದೆ.

ಹಾಗಂತ ಹೊಲದಲ್ಲಿ ಬಿಡಬೇಡಿ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಔಷಧಿ ಹೊಡೆದರೆ ಮುಗಿಯಿತು ಅಂತಲೂ ತಿಳಿಯಬೇಡಿ: ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಜಗ್ಗದ ಈ ಹುಲ್ಲು ಮಲೇಷ್ಯಾದಲ್ಲಿ 1990ರ ದಶಕದಲ್ಲೇ ಕಾಣಿಸಿಕೊಂಡಿತು. ಎಳೆಯದಿರುವಾಗಲೇ ಎಡೆಕುಂಟೆ, ಆಮೇಲೆ ಕೈಕಳೆ. ಬೆಂಕಿ ರೋಗದ ಶಿಲೀಂಧ್ರ ಇದರ ಮೇಲೂ ಬದುಕುವುದರಿಂದ ಬದುವಿನಲ್ಲಿರುವುದನ್ನೂ ತೆನೆ ಬರುವ ಮುಂಚೆ ಕೊಯ್ದು ದನಕ್ಕೆ ಹಾಕಿ. ನಿಮ್ಮ ಬಿತ್ತನೆಯಲ್ಲಿ ಬೇರೆ ಥರದ ತೆನೆ ಕಂಡಿದ್ದರೆ ಅದು ಚೀಲದಲ್ಲೋ ಒಕ್ಕಣೆ ಯಂತ್ರದಲ್ಲೋ ಸೇರಿದ ಬೇರೆ ರಾಗಿಯೇ ಇರಬೇಕು. ಈ ಸಲ ಕುಡುಗೋಲು ಹಾಕುವ ಮುಂಚೆ ಒಂದು ಬೆಳಗ್ಗೆ ಹೊಲ ಸುತ್ತಿ, ಒಂದೇ ಥರದ ತುಂಬಿದ ತೆನೆಗಳನ್ನು ಕಿತ್ತು ಬೇರೆಯಾಗಿ ಕಟ್ಟಿ ಒಣಗಿಸಿ, ಕೈಯಲ್ಲೇ ಬಡಿದು ಎತ್ತಿಡಿ.