ಶಿಬಿರದ ಶೌಚಗುಂಡಿ, ಊರಿನ ಬಾವಿ

ಬಾಂಗ್ಲಾದೇಶದ ತೆಕ್ನಾಫ್‌ಗೂ ನಮ್ಮ ಕಾಸರಗೋಡಿಗೂ ಒಂದು ಸಾಮ್ಯವಿದೆ. ಎರಡೂ ಕಡಲಬದಿಯ ಗುಡ್ಡದ ಸೀಮೆಗಳು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಆದರೂ ಬೇಸಗೆಯಲ್ಲಿ ಕುಡಿಯುವ ನೀರಿಗೆ ತತ್ವಾರ. 2017ರ ಆಗಸ್ಟ್ ಕೊನೆಯಿಂದ ಕೆಲವೇ ತಿಂಗಳಲ್ಲಿ ಮ್ಯಾನ್ಮಾರಿನ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಜೀವ ಉಳಿಸಿಕೊಳ್ಳಲು ಗಡಿ ದಾಟಿ ಬಂದದ್ದು ಇಂಥ ನೆಲಕ್ಕೆ. ತೆಕ್ನಾಫ್ ಮತ್ತು ಪಕ್ಕದ ಉಖಿಯಾದಲ್ಲಿ ಊರವರಿಗಿಂತ ಬಂದವರೇ ಹೆಚ್ಚಾದರು.

ಅಷ್ಟು ಜನಕ್ಕೆ ಅಂದೇ ನೀರು ಬೇಕು, ಅಂದೇ ಪಾಯಿಖಾನೆಯೂ ಬೇಕು. ಗುಡ್ಡದ ಇಳಿಜಾರಿನಲ್ಲಿ ಅವಸರದಿಂದ ಗುಂಡಿ ತೋಡಿದರು. ಅದರ ಹತ್ತಿರದಲ್ಲೇ ಆಳವಿಲ್ಲದ ಕೊಳವೆ ಇಳಿಸಿ ಕೈಪಂಪು ಕೂರಿಸಿದರು. ಗುಂಡಿಗಳು ಬೇಗನೆ ತುಂಬಿದವು, ಎಷ್ಟೋ ಪಂಪುಗಳ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಸಿಕ್ಕಿತು. ಆ ನೀರಿನ ಪದರವೇನು ಶಿಬಿರದ ಗಡಿಗೆ ಬಂದು ನಿಲ್ಲುವುದಿಲ್ಲ, ಊರಿನ ಗದ್ದೆಯ ಅಡಿಗೂ ಹರಿಯುತ್ತದೆ. ನಿರಾಶ್ರಿತರಿಗೊಂದು ವ್ಯವಸ್ಥೆ, ಊರವರಿಗೊಂದು ವ್ಯವಸ್ಥೆ ಎಂದು ನೀರು-ನೈರ್ಮಲ್ಯವನ್ನು ಪಾಲು ಮಾಡುವುದು ಅನ್ಯಾಯ ಮಾತ್ರವಲ್ಲ, ಭೂವಿಜ್ಞಾನಕ್ಕೂ ಹೊಂದದ ಕೆಲಸ ಎಂದು ನಾನು ಹೇಳುವುದು ಇದಕ್ಕೇ.

ಈ ಪಾಠಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು. 1994ರ ಜುಲೈಯಲ್ಲಿ ರುವಾಂಡಾದಿಂದ ಲಕ್ಷಗಟ್ಟಲೆ ಜನ ಕಾಂಗೋದ (ಆಗಿನ ಜೈರ್) ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಅಲ್ಲಿಯದು ಜ್ವಾಲಾಮುಖಿ ಉಗುಳಿದ ಲಾವಾದ ಬಂಡೆ, ಗುದ್ದಲಿ ಇಳಿಯದು. ಶೌಚಗುಂಡಿ ತೋಡಲಾಗಲಿಲ್ಲ, ಕುಡಿಯಲು ಕಿವು ಸರೋವರದ ನೀರು. ಮೊದಲ ಒಂದೇ ತಿಂಗಳಲ್ಲಿ ಸುಮಾರು 50,000 ಮಂದಿ ಸತ್ತರು, ಬಹುಪಾಲು ಕಾಲರಾ ಮತ್ತು ರಕ್ತಭೇದಿಯಿಂದ. ಪರಿಹಾರ ಸಂಸ್ಥೆಗಳು ಒಟ್ಟು ಸೇರಿ 1997ರಲ್ಲಿ ಸ್ಫಿಯರ್ ಎಂಬ ಮಾನದಂಡ ರೂಪಿಸಲು ಹೊರಟದ್ದು ಆ ಸಾವುಗಳ ಬಳಿಕ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಒಂದು ನಲ್ಲಿಗೆ 250 ಜನ, ಒಂದು ಶೌಚಾಲಯಕ್ಕೆ 20 ಜನ, ತಿಂಗಳಿಗೆ ತಲಾ 250 ಗ್ರಾಂ ಮೈಸಾಬೂನು, ಬಟ್ಟೆಗೆ ಬೇರೆ 200 ಗ್ರಾಂ. ಹೆಂಗಸರ ಶೌಚಾಲಯ ಗಂಡಸರದಕ್ಕಿಂತ ಮೂರು ಪಟ್ಟು ಇರಬೇಕು, ಒಳಗಿನಿಂದ ಚಿಲಕ ಹಾಕುವಂತಿರಬೇಕು. ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಚಿಲಕವಿಲ್ಲದ, ಬೆಳಕಿಲ್ಲದ ಪಾಯಿಖಾನೆಗೆ ರಾತ್ರಿ ಹೆಂಗಸರು ಹೋಗುವುದಿಲ್ಲ. ಬಾಯಾರಿದರೂ ನೀರು ಕುಡಿಯದೆ ತಡೆದುಕೊಳ್ಳುತ್ತಾರೆ.

ಅದೇ ಮಾನದಂಡದ ಇನ್ನೊಂದು ಸಾಲು ನಮ್ಮ ಅಂಗಳಕ್ಕೇ ಬರುತ್ತದೆ: ಶೌಚಗುಂಡಿಗೂ ನೀರಿನ ಮೂಲಕ್ಕೂ ನಡುವೆ 30 ಮೀಟರ್ ಇರಲಿ, ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲಿರಲಿ. ಬಿರುಕಿನ ಬಂಡೆಯಾದರೆ ದೂರ ಇನ್ನೂ ಹೆಚ್ಚಲಿ. ಕೇರಳದ ಕಟ್ಟಡ ನಿಯಮ ಕೇಳುವುದು ಏಳೂವರೆ ಮೀಟರ್ ಮಾತ್ರ. ಐದು ಸೆಂಟ್ಸ್ ಜಾಗವೆಂದರೆ ಚೌಕದ ಲೆಕ್ಕದಲ್ಲಿ ಒಂದು ಬದಿಗೆ 14 ಮೀಟರ್. ಅದರಲ್ಲಿ ಮನೆ, ಬಾವಿ, ಗುಂಡಿ ಮೂರೂ ಆಗಬೇಕು. ನಮ್ಮ ಬಾವಿಯಿಂದ ದೂರ ಸರಿಸಿದ ಗುಂಡಿ ನೆರೆಯವರ ಬಾವಿಗೆ ಹತ್ತಿರವಾಗಿಬಿಡುತ್ತದೆ.

ಇನ್ನು ನಮ್ಮ ನೆಲವೋ, ಮುರಕಲ್ಲು. ನೀರುದೋಸೆಯ ಮೈಯಂತೆ ತೂತು ತೂತು. ಮಣ್ಣಿನ ಕಣಗಳ ನಡುವೆ ನಿಧಾನವಾಗಿ ಜಿನುಗುವ ನೀರಿನಿಂದ ಬ್ಯಾಕ್ಟೀರಿಯಾ ಸೋಸಿಹೋಗುತ್ತವೆ, ತಡವಾದಷ್ಟೂ ಸಾಯುತ್ತವೆ. ಮುರಕಲ್ಲಿನ ತೂತು ಕೊಳವೆಗಳಲ್ಲಿ ಆ ಸೋಸಾಟಕ್ಕೆ ಸಮಯವೇ ಸಿಗುವುದಿಲ್ಲ. ಕೆಳಗಿನ ಶೇಡಿ ಮಣ್ಣಿನ ಪದರ ನೀರನ್ನು ಆಳಕ್ಕೆ ಬಿಡದೆ ಅಡ್ಡಕ್ಕೆ ಸಾಗಿಸುತ್ತದೆ. ಬಾಯಾರು, ಪಡ್ರೆಯ ಕಡೆ ಗುಡ್ಡ ಕೊರೆದು ಸುರಂಗದಲ್ಲಿ ನೀರು ತೆಗೆಯುವವರು ನಂಬಿರುವುದು ಹೀಗೆ ಜಿನುಗುವ ನೀರನ್ನೇ. ಒಳ್ಳೆಯ ನೀರು ಬರುವ ದಾರಿಯಲ್ಲೇ ಕೊಳಕೂ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ನಿರಾಶ್ರಿತರ ಶಿಬಿರವಿಲ್ಲ. ಆದರೆ ಪೇಟೆ ಬದಿಯ ಕ್ವಾರ್ಟರ್ಸುಗಳಲ್ಲಿ ಬಂಗಾಳ, ಅಸ್ಸಾಂ, ಒಡಿಶಾದಿಂದ ದುಡಿಯಲು ಬಂದ ಅತಿಥಿ ಕಾರ್ಮಿಕರಿದ್ದಾರೆ. ಒಂದು ಕೋಣೆಯಲ್ಲಿ ಹಲವರು, ಸಾಲು ಕೋಣೆಗಳಿಗೆ ಒಂದೆರಡು ಪಾಯಿಖಾನೆ, ಹಿಂದುಗಡೆ ತುಂಬಿದ ಗುಂಡಿ. ಇವರು ನಿರಾಶ್ರಿತರಲ್ಲ ನಿಜ, ಆದರೆ ಶಿಬಿರಗಳ ವಿಜ್ಞಾನ ಇವರಿಗೆ ಪೂರ್ತಿ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಹಳದಿ ಕಾಮಾಲೆಯೋ ವಾಂತಿಭೇದಿಯೋ ಹಬ್ಬಿದೊಡನೆ "ಅವರಿಂದಲೇ ಬಂತು" ಎನ್ನುವವರಿದ್ದಾರೆ. ಈ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಇಪ್ಪತ್ತು ಜನಕ್ಕೆ ಒಂದು ಶೌಚಾಲಯ ಎಂಬ ಯುದ್ಧಕಾಲದ ಕನಿಷ್ಠವನ್ನಾದರೂ ಬಾಡಿಗೆ ತೆಗೆದುಕೊಳ್ಳುವವರು ಪಾಲಿಸಿದ್ದಾರೆಯೇ ಎಂದು ಮೊದಲು ಕೇಳಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ಹೊಸತಲ್ಲ, ಹಾಕುವ ಕ್ರಮ ಮಾತ್ರ ಹಲವರಿಗೆ ತಿಳಿಯದು. ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ನೀರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಸುಮಾರು 24 ಗ್ರಾಂ ಪುಡಿ ಸಾಕು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತೆ ನೀರು ಸೇರಿಸಿ, ಐದು-ಹತ್ತು ನಿಮಿಷ ಬಿಟ್ಟರೆ ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಗಿಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಆ ನೀರು ಸೇದಬಾರದು. ಕ್ಲೋರಿನ್ ಮೊದಲು ಕೆಸರು, ಕಸದ ಜೊತೆ ಖರ್ಚಾಗುತ್ತದೆ. ಉಳಿದದ್ದಷ್ಟೇ ಮುಂದೆ ಕಾವಲು ಕಾಯುತ್ತದೆ. ಕಲಕಿದ ಬಾವಿಗೆ ಇದೇ ಅಳತೆ ಸಾಲದೆ ಹೋಗುವುದು ಇದಕ್ಕೇ.

ಆ ಉಳಿಕೆ ಎಷ್ಟು ಹೊತ್ತು ಬಾಳುತ್ತದೆ? ದಕ್ಷಿಣ ಸುಡಾನಿನ ಶಿಬಿರಗಳಲ್ಲಿ 2013ರಲ್ಲಿ ನಡೆದ ಅಧ್ಯಯನದಲ್ಲಿ, ನಲ್ಲಿಯಲ್ಲಿ ಸರಿಯಾಗಿದ್ದ ಕ್ಲೋರಿನ್ ಬಿಡಾರದಲ್ಲಿ ಕೆಲವು ಗಂಟೆ ಇಟ್ಟ ನೀರಿನಲ್ಲಿ ಕರಗಿಹೋಗುತ್ತಿದ್ದದ್ದು ಕಂಡಿತು. ಅದಕ್ಕಿಂತ ಹಿಂದೆ, 1993ರಲ್ಲಿ, ಮಲಾವಿಯ ನ್ಯಾಮಿತುತು ಶಿಬಿರದಲ್ಲಿ ಮೊಜಾಂಬಿಕಿನಿಂದ ಬಂದವರಿಗೆ ಮುಚ್ಚಳ, ಮೂತಿ ಇರುವ ಬಕೆಟ್ ಕೊಟ್ಟು ನೋಡಿದರು. ಕೈ ಅದ್ದಲಾಗದ ಪಾತ್ರೆ ಬಂದದ್ದೇ ಐದು ವರ್ಷದೊಳಗಿನ ಮಕ್ಕಳ ಭೇದಿ 31 ಶೇಕಡಾ ಇಳಿಯಿತು. ನೀರಿನ ಮೂಲ ಅದೇ, ಬದಲಾದದ್ದು ಪಾತ್ರೆ ಮಾತ್ರ. ಕ್ವಾರ್ಟರ್ಸಿನ ಅಗಲಬಾಯಿಯ ಪೈಂಟ್ ಡಬ್ಬದ ಜಾಗಕ್ಕೆ ನಮ್ಮ ಕಿರುಕುತ್ತಿಗೆಯ ಕೊಡಪಾನ ಬಂದರೂ ಲಾಭವೇ.

ಜೋರ್ಡಾನಿನ ಝಾತಾರಿ ಶಿಬಿರದಲ್ಲಿ ಸಿರಿಯಾದ ಕುಟುಂಬಗಳು ಸಾಮೂಹಿಕ ಶೌಚಾಲಯ ಬಿಟ್ಟು ತಮ್ಮ ಬಿಡಾರದ ಪಕ್ಕ ಸ್ವಂತದ್ದು ಕಟ್ಟಿಕೊಂಡವು, ಗುಂಡಿಯನ್ನೂ ತೋಡಿಕೊಂಡವು. ಮಾನದಿಂದ ಬದುಕಲು ಯಾರಾದರೂ ಮಾಡುವ ಕೆಲಸ ಅದು. ಅಡಿಯಲ್ಲಿದ್ದದ್ದು ಮಾತ್ರ ಜೋರ್ಡಾನಿನ ಜನ ಕುಡಿಯುವ ಅಂತರ್ಜಲ. ಬೈದು ಕೆಡವುವ ಬದಲು ಶಿಬಿರದೊಳಗೇ ಕೊಳಚೆ ಶುದ್ಧೀಕರಣ ಘಟಕ ಕಟ್ಟಿ, ಮನೆಮನೆಗೆ ಕೊಳವೆ ಎಳೆದರು.

ನಮ್ಮ ಪಂಚಾಯತುಗಳಿಗೆ ಅಷ್ಟು ದೊಡ್ಡ ಖರ್ಚು ಸದ್ಯಕ್ಕೆ ಬೇಕಿಲ್ಲ. ಎಚ್‌ಟುಎಸ್ ಬಾಟಲಿ ಎಂಬ ಅಗ್ಗದ ಪರೀಕ್ಷೆಯಿದೆ. ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲ ಸೇರಿದ್ದಲ್ಲಿ ನೀರು ಕಪ್ಪಾಗುತ್ತದೆ. ಮೊದಲ ಮಳೆಯ ಬಳಿಕ ಕ್ವಾರ್ಟರ್ಸಿನ ಬಾವಿಗೂ ಅಕ್ಕಪಕ್ಕದ ಮನೆಗಳ ಬಾವಿಗಳಿಗೂ ಒಂದೇ ದಿನ ಈ ಪರೀಕ್ಷೆ ಮಾಡಿ, ಫಲಿತಾಂಶವನ್ನು ಕನ್ನಡ, ಮಲಯಾಳದ ಜೊತೆ ಬಂಗಾಳಿಯಲ್ಲೂ ಹಿಂದಿಯಲ್ಲೂ ಬರೆದು ಆ ಬಾವಿಕಟ್ಟೆಗಳಲ್ಲೇ ಅಂಟಿಸಬಹುದು.