ಸೂಜಿ ಶುರು ಮಾಡಿದರೆ ಹಾರ್ಟ್ ಹೋಗುತ್ತಾ?

ಪ್ರಶ್ನೆ: ಅಪ್ಪನಿಗೆ ಶುಗರ್ ಬಂದು 14 ವರ್ಷ. ಈಗ ಡಾಕ್ಟರು ಇನ್ಸುಲಿನ್ ಬರೆದಿದ್ದಾರೆ. ಸೂಜಿ ಹಿಡಿದರೆ ಹಾರ್ಟ್ ಹೋಗುತ್ತದೆ ಅಂತ ಓಣಿಯವರೆಲ್ಲ ಹೆದರಿಸುತ್ತಾರೆ. ನಿಜಾನಾ ಸರ್? (ಸಿಂಧನೂರಿನ ಓದುಗರು)

ಇಲ್ಲ. ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ, ಇಲ್ಲ.

ಈ ಮಾತು ಹುಟ್ಟುವುದು ಹೀಗೆ. ಸೂಜಿ ಅಂದರೆ ಕೊನೆಗಾಲ ಅಂತ ನಮ್ಮ ಜನ ಹೆದರಿ, ಮಾತ್ರೆ ಸಾಲದಿದ್ದರೂ ವರ್ಷಗಟ್ಟಲೆ ದಿನ ತಳ್ಳುತ್ತಾರೆ. ಅಷ್ಟೂ ದಿನ ಜಾಸ್ತಿ ಸಕ್ಕರೆ ರಕ್ತನಾಳವನ್ನು ಒಳಗಿನಿಂದ ಕೆಡಿಸುತ್ತಾ ಬಂದಿರುತ್ತದೆ, ಜೊತೆಗೆ ಬಿಪಿ, ಕೊಲೆಸ್ಟ್ರಾಲ್. ಕೊನೆಗೆ ಸೂಜಿ ಶುರು. ಆರು ತಿಂಗಳಿಗೆ ಎದೆನೋವು ಬಂದರೆ ಬೈಗುಳ ಸೂಜಿಗೆ! ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರು ತಡವಾಗಿ ಬಂದು ಭತ್ತ ಒಣಗಿದರೆ, ನೀರು ಬಂದಿದ್ದಕ್ಕೇ ಒಣಗಿತು ಅಂತ ಯಾರಾದರೂ ಅಂತಾರಾ?

ಇದನ್ನೇ ಪರೀಕ್ಷಿಸಲು ಒರಿಜಿನ್ ಅನ್ನೋ ದೊಡ್ಡ ಅಧ್ಯಯನ ನಡೆಯಿತು. 12,500ಕ್ಕೂ ಹೆಚ್ಚು ಜನ, ಅರ್ಧದಷ್ಟು ಮಂದಿಗೆ ಇನ್ಸುಲಿನ್, ಸುಮಾರು ಆರು ವರ್ಷ. 2012ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಲಕ್ವ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಶುಗರ್ ಇರುವವರಲ್ಲಂತೂ, ಇನ್ಸುಲಿನ್ ಸರಿಯಾಗಿ ತಗೊಂಡು ಶುಗರ್ ಬಿಗಿಯಾಗಿ ಇಟ್ಟವರಿಗೆ ಹೃದಯದ ತೊಂದರೆ 42% ಕಡಿಮೆ ಅಂತ ಅಮೆರಿಕ, ಕೆನಡಾದ ಅಧ್ಯಯನ 2005ರಲ್ಲೇ ತೋರಿಸಿತ್ತು.

ಇನ್ಸುಲಿನ್ ನಮ್ಮ ಮೈಯಲ್ಲೇ ತಯಾರಾಗುವ ವಸ್ತು. ಅದು ರಕ್ತದ ಸಕ್ಕರೆಯನ್ನು ಸ್ನಾಯುಗಳಿಗೆ ಸೇರಿಸುತ್ತದೆ, ಲಿವರ್ ಸುಮ್ನೆ ಸಕ್ಕರೆ ಸುರಿಯದಂತೆ ತಡೆಯುತ್ತದೆ. ತೂಕ ಸ್ವಲ್ಪ ಏರುತ್ತದೆ, ಅದು ನಿಜ. ಹೃದಯ ಮೊದಲೇ ದುರ್ಬಲ ಇದ್ದವರಿಗೆ ಕಾಲು ಬಾತರೆ ಡಾಕ್ಟರಿಗೆ ಹೇಳಬೇಕು. ಸೂಜಿ ಚುಚ್ಚಿಕೊಂಡು ಊಟ ತಡ ಮಾಡಿದರೆ ಶುಗರ್ ಇಳಿದು ಬೆವರು, ನಡುಕ, ಎದೆ ಡವಡವ. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಆದರೆ ಎದೆ ಹಿಂಡಿದಂತೆ ನೋವಿದ್ದರೆ ಕಾಯದೆ ಆಸ್ಪತ್ರೆಗೆ ಓಡಿ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಸೂಜಿ ತಗೊಂಡರೂ ಶುಗರ್ ಇಳಿಯಲಿಲ್ಲ ಅನ್ನುವವರು ಬಾಟಲಿ ಎಲ್ಲಿಡುತ್ತಾರೆ ಕೇಳಿ ನೋಡಿ. ಕಿಟಕಿ ಮೇಲೆ! ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ಅಂದರೆ ಫ್ರಿಜ್, ಆದರೆ ಐಸ್ ಕಟ್ಟುವ ಜಾಗ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ತೆರೆದ ಬಾಟಲಿ ಸಾಮಾನ್ಯವಾಗಿ 28 ದಿನ. ಫ್ರಿಜ್ ಇಲ್ಲದವರು ಅದನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ, ನೀರಿನ ಮಣ್ಣಿನ ಗಡಿಗೆಯೊಳಗೆ ಇಟ್ಟು, ಗಡಿಗೆಯನ್ನು ನೆರಳಲ್ಲಿಡಿ. ಹಾಲಿನಂಥ ಇನ್ಸುಲಿನ್ ಆದರೆ ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ ನೋಡಿ, ಆಮೇಲೂ ಗಂಟು ಕಂಡರೆ ಎಸೆದು ಹೊಸದು ತನ್ನಿ.